ಊಟದ ಮನೆಯ ಫರಸಿ

ಮನೆ ಕಟ್ಟಿಸುವವರು ಯಾವ ಖೋಲಿಗೆ ಯಾವ ನೆಲ ಹಾಕಿಸಬೇಕು ಎಂದು ಕೇಳಿದರೆ ನಾನು ಹೇಳುವುದು ಒಂದೇ ಮಾತು. ಆ ನೆಲವನ್ನು ದಿನಾ ಒರೆಸುವವರು ಯಾರೋ ಅವರನ್ನು ಮೊದಲು ಕೇಳಿ. ಮುದುಕಿಗೆ ಅರಳುಮರಳು ಎಂದು ನಕ್ಕು ಹೋಗುತ್ತಾರೆ. ಹೋಗಲಿ. ಅವರು ಶಿಗ್ಗಾವಿಯ ನಮ್ಮ ಮನೆಯನ್ನು ಕಂಡವರಲ್ಲ, ಅಕ್ಕನನ್ನಂತೂ ಕಂಡವರೇ ಅಲ್ಲ.

ಎರಡನೆಯ ಮಹಾಯುದ್ಧ ಶುರುವಾಗುವುದಕ್ಕೆ ಸ್ವಲ್ಪ ಮೊದಲು ನಾನು ಹಾನಗಲ್ಲಿನಿಂದ ಶಿಗ್ಗಾವಿಗೆ ಸೊಸೆಯಾಗಿ ಬಂದೆ. ಆ ಮನೆಯಲ್ಲಿ ಅತ್ತೆ ಇರಲಿಲ್ಲ. ತೀರಿಹೋಗಿ ಬಹಳ ವರ್ಷವಾಗಿತ್ತು. ತವರಿನಲ್ಲಿ ಕೇಳಿದವರೆಲ್ಲ ನಾನು ಪುಣ್ಯವಂತೆ ಎಂದರು. ಆದರೆ ಮಾವನವರ ಅಕ್ಕ ಇದ್ದರು. ಚಿಕ್ಕ ವಯಸ್ಸಿನಲ್ಲೇ ಗಂಡನನ್ನು ಕಳೆದುಕೊಂಡು ತಮ್ಮನ ಮನೆಗೆ ಬಂದು, ಕೆಂಪು ಸೀರೆಯಲ್ಲಿ, ಮಡಿಯಲ್ಲಿ ದಿನ ತೆಗೆದವರು. ಮಾವನವರು ಅವರನ್ನು ಅಕ್ಕಾ ಎಂದು ಕರೆಯುತ್ತಿದ್ದರು. ಹಾಗಾಗಿ ಹಾಲು ಹಾಕುವವಳಿಂದ ಹಿಡಿದು ಮಾವನವರ ಕಕ್ಷಿಗಾರರ ತನಕ ಎಲ್ಲರಿಗೂ ಅವರು ಅಕ್ಕ. ನನಗೂ ಅಕ್ಕನೇ.

ಬಂದ ಮರುದಿನ ಬೆಳಿಗ್ಗೆ ಎದ್ದು ಒಳಗೆ ಹೋದಾಗ ನಾನು ಮೊದಲು ಕಂಡದ್ದು ಅಕ್ಕನ ಬೆನ್ನು. ಮೊಣಕಾಲೂರಿ, ಪಕ್ಕದಲ್ಲಿ ಸಗಣಿ ಕಲಸಿದ ಬೋಗುಣಿ ಇಟ್ಟುಕೊಂಡು ಅಡಿಗೆಮನೆಯ ನೆಲ ಸಾರಿಸುತ್ತಿದ್ದರು. ಬಲಗೈ ಅರ್ಧ ಚಂದ್ರದ ಹಾಗೆ ತಿರುಗುತ್ತಿತ್ತು. ಒಂದು ಚಂದ್ರ ಮುಗಿದಲ್ಲಿ ಇನ್ನೊಂದು ಶುರು. ಹಿಂದೆ ಹಿಂದೆ ಸರಿಯುತ್ತ ಹೊಸ್ತಿಲಿಗೆ ಬಂದು ಮುಟ್ಟಿದಾಗ ಒಳಗಿನ ನೆಲವೆಲ್ಲ ಹಸಿ ಹಸಿಯಾಗಿ ಹೊಳೆಯುತ್ತಿತ್ತು. ಆಗ ಬಂದ ಆ ವಾಸನೆ, ಸಗಣಿ, ಕೆಮ್ಮಣ್ಣು, ಹೊತ್ತಿಸಿದ ಒಲೆಯ ಹೊಗೆ ಎಲ್ಲ ಕೂಡಿದ ವಾಸನೆ, ಇವತ್ತಿಗೂ ನೆನಸಿಕೊಂಡರೆ ಮೂಗಿಗೆ ಬರುತ್ತದೆ. ತವರು ಬಿಟ್ಟು ಬಂದ ದುಃಖವೆಲ್ಲ ಅದರಲ್ಲಿ ಅರ್ಧ ಇಳಿಯಿತು. ಹಾನಗಲ್ಲಿನ ನಮ್ಮ ಮನೆಗೂ ಇದೇ ವಾಸನೆ ಇತ್ತು.

ನಾನೂ ಸಾರಿಸಬಲ್ಲೆ ಎಂದು ಮುಂದೆ ಬಂದೆ. ಅಕ್ಕ ಹಿತ್ತಲ ಜಗಲಿಯನ್ನು ಪರೀಕ್ಷೆಗೆ ಕೊಟ್ಟರು. ನಾನು ಸಾರಿಸಿದ ಮೇಲೆ ಬಂದು ನೋಡಿ, ಮೂಲೆಗಳು ನನ್ನ ಅಪ್ಪನ ಮನೆಯಲ್ಲಿ ಇರಲಿಲ್ಲವೇ ಎಂದು ಕೇಳಿದರು. ನಡುವೆ ಅಲೆ ಅಲೆಯಾಗಿ ಸಗಣಿ ನಿಂತಿತ್ತು, ಮೂಲೆಗಳಿಗೆ ಕೈ ಮುಟ್ಟಿರಲಿಲ್ಲ. ಅವತ್ತಿನಿಂದ ನನಗೆ ಬೋಗುಣಿ ತೊಳೆಯುವ ಕೆಲಸ ಸಿಕ್ಕಿತು. ಸಾರಣೆ ಅಕ್ಕನದೇ ಆಯಿತು.

ಬೆಳಿಗ್ಗೆ ಅಡಿಗೆಮನೆ. ಮಧ್ಯಾಹ್ನ ಊಟದ ಮನೆಯಲ್ಲಿ ಎಲೆ ಎತ್ತಿದ ಜಾಗಕ್ಕೆ ಗೋಮಯ. ರಾತ್ರಿ ಫಲಾಹಾರವಾದ ಮೇಲೆ ಮತ್ತೆ ಗೋಮಯ. ವಾರಕ್ಕೊಮ್ಮೆ ಇಡೀ ಮನೆ. ಬಂದ ಅತಿಥಿಗಳನ್ನು ಮಾವನವರು ಒಳಗೆ ಕರೆದುಕೊಂಡು ಬಂದು, ನಮ್ಮಕ್ಕನ ಕೈಯ ನೆಲ ನೋಡಿರಿ, ಮುಖ ಕಾಣುತ್ತದೆ ಎಂದು ತೋರಿಸುತ್ತಿದ್ದರು. ಓಣಿಯ ಹೆಂಗಸರು ತಮ್ಮ ಹೆಣ್ಣುಮಕ್ಕಳನ್ನು ನೋಡಿ ಕಲಿಯಲು ಕಳಿಸುತ್ತಿದ್ದರು. ಕೈ ಕೆಸರಾದರೆ ಬಾಯಿ ಮೊಸರು ಎನ್ನುತ್ತಾರೆ. ಅಕ್ಕನ ಕೈ ಕೆಸರಾಯಿತು, ಮೊಸರು ಉಂಡವರು ನಾವೆಲ್ಲ.

ಮನೆಗೆ ಕಲ್ಲು ಹಾಕಿಸುವ ಹುಚ್ಚು ಮಾವನವರಿಗೆ ಹಿಡಿದದ್ದು ಸವಣೂರಿನಲ್ಲಿ. ಅಲ್ಲಿ ಒಬ್ಬ ದೊಡ್ಡ ವ್ಯಾಪಾರಸ್ಥರ ಮನೆಗೆ ಹೋಗಿ, ಮುಂಬಯಿಯಿಂದ ತರಿಸಿದ ಹೂವಿನ ಬಿಲ್ಲೆಗಳ ನೆಲ ನೋಡಿ ಬಂದರು. ಮಾವನವರು ವಕೀಲರು, ಸಂಸ್ಕೃತದಲ್ಲೂ ದೊಡ್ಡ ಓದು. ಬೆಳಿಗ್ಗೆ ಶಾಸ್ತ್ರ, ಮಧ್ಯಾಹ್ನ ಕಾಯದೆ. ಹಾಗಾಗಿ ಮನೆಯ ಒಂದೊಂದು ಖೋಲಿಯ ನೆಲವನ್ನೂ ಒಂದೊಂದು ದಾವೆಯಂತೆ ಎತ್ತಿಕೊಂಡು, ಎರಡೂ ಕಡೆಯ ವಾದವನ್ನು ತಾವೇ ಮಾಡಿ, ತಾವೇ ತೀರ್ಪು ಕೊಟ್ಟರು. ಪಡಸಾಲೆಗೆ ಶಹಾಬಾದಿನ ಫರಸಿ ಕಲ್ಲು, ಏಕೆಂದರೆ ಹುಲಗೂರು ಕಡೆಯ ರೈತರು ಎರಿಮಣ್ಣಿನ ಕಾಲಲ್ಲಿ ಬರುತ್ತಾರೆ, ನೀರು ಹಾಕಿದರೆ ಹೋಗಬೇಕು. ವಕೀಲಿ ಖೋಲಿಗೆ ಬಣ್ಣದ ಬಿಲ್ಲೆ, ಏಕೆಂದರೆ ಅಲ್ಲಿ ಕುರ್ಚಿ ಇದೆ, ಸರಕಾರಿ ಜನ ಬರುತ್ತಾರೆ. ದೇವರಮನೆಗೆ ನುಣ್ಣಗಿನ ಕರಿಕಲ್ಲು, ಅದಕ್ಕೆ ಕಾರಣವೇ ಬೇಕಿಲ್ಲ. ಅಡಿಗೆಮನೆ, ಊಟದ ಮನೆ ಮಾತ್ರ ಮಣ್ಣಿನದೇ ಇರಬೇಕು. ಗೋಮಯ ಬಿದ್ದ ಮಣ್ಣಿನಷ್ಟು ಶುದ್ಧವಾದದ್ದು ಯಾವುದೂ ಇಲ್ಲ ಎಂದು ಅವರ ತೀರ್ಪು.

ಗಂಡಸರು ಕೂಡುವ ಕಡೆಗೆಲ್ಲ ಕಲ್ಲು ಬಂತು, ಅಕ್ಕ ಮೊಣಕಾಲೂರುವ ಕಡೆಗೆಲ್ಲ ಮಣ್ಣು ಉಳಿಯಿತು. ಆಗ ಅದು ಯಾರಿಗೂ ವಿಚಿತ್ರ ಅನ್ನಿಸಲಿಲ್ಲ.

ಯಲವಗಿ ಸ್ಟೇಶನ್ನಿನಿಂದ ಚಕ್ಕಡಿಗಳಲ್ಲಿ ಹುಲ್ಲಿನ ಮೇಲೆ ಮಲಗಿಕೊಂಡು ಕಲ್ಲು ಬಂದವು. ಹಾಕುವುದಕ್ಕೆ ಸವಣೂರಿನ ಗೌಂಡಿಯೊಬ್ಬರು ಬಂದರು. ಮೆಹಂದಿ ಹಚ್ಚಿದ ಗಡ್ಡ, ಕಡಿಮೆ ಮಾತು, ಬಾಯಲ್ಲಿ ಸದಾ ತಮ್ಮ ಊರಿನ ವೀಳ್ಯದೆಲೆ. ಪಡಸಾಲೆಯ ಕೆಲಸ ಮುಗಿದ ಮಧ್ಯಾಹ್ನ, ಗಂಡಸರು ಯಾರೂ ಇಲ್ಲದಾಗ, ಅಕ್ಕ ಒಳಗಿನಿಂದ ಬಂದು ಬಗ್ಗಿ ಕಲ್ಲಿನ ಮೇಲೆ ಅಂಗೈ ಇಟ್ಟರು. ಬಹಳ ಹೊತ್ತು ತೆಗೆಯಲಿಲ್ಲ. ಆಮೇಲೆ, ಇಷ್ಟು ತಣ್ಣಗಿದೆ, ಒಂದು ತಂಬಿಗೆ ನೀರು ಹಾಕಿ ಒರೆಸಿದರೆ ಮುಗಿಯಿತಲ್ಲ ಎಂದರು. ನಾನು ಹೊಸ ಸೊಸೆಯ ಉತ್ಸಾಹದಲ್ಲಿ, ಏನೇ ಆದರೂ ಮಣ್ಣಿನ ನೆಲದ ವಾಸನೆ ಇದಕ್ಕೆ ಎಲ್ಲಿಂದ ಬರಬೇಕು ಅಂದೆ.

"ವಾಸನಿ ಬೇಕಂದ್ರ ನೀನ ಸಾರಸು," ಅಂದರು ಅಕ್ಕ.

ಅವರು ನಗುತ್ತಿದ್ದರು. ನಗುತ್ತಲೇ ಸೀರೆ ತುಸು ಎತ್ತಿ ಮೊಣಕಾಲು ತೋರಿಸಿದರು. ಅಲ್ಲಿನ ಚರ್ಮ ಚರ್ಮದಂತಿರಲಿಲ್ಲ, ಬರಿಗಾಲಲ್ಲಿ ನಡೆಯುವವರ ಹಿಮ್ಮಡಿಯಂತಿತ್ತು. ಸುತ್ತ ಬಾವು. ಅವರು ಬೆಳಿಗ್ಗೆ ಗೋಡೆ ಹಿಡಿದು ಏಳುವುದನ್ನು ದಿನಾ ನೋಡುತ್ತಿದ್ದೆ, ವಯಸ್ಸು ಎಂದುಕೊಂಡಿದ್ದೆ. ಅಡಿಗೆಮನೆ ಇರಲಿ, ಅದೊಂದನ್ನು ಹೇಗೋ ಮಾಡಿಕೊಳ್ಳುತ್ತೇನೆ, ಊಟದ ಮನೆಗೊಂದು ಫರಸಿ ಬಿದ್ದರೆ ಸಾಕು ಎಂದರು. ಅಕ್ಕ ತನಗೆ ಇಂಥದ್ದು ಬೇಕು ಎಂದದ್ದನ್ನು ನಾನು ಕೇಳಿದ್ದು ಅದೇ ಮೊದಲು.

ತಮ್ಮನ ಮುಂದೆಯೂ ಒಂದು ದಿನ ಬಾಯಿ ಬಿಟ್ಟರು. ಮಾವನವರು ಬೆರಗಾಗಿ ನೋಡಿದರು. ನಿನ್ನ ಕೈಯ ನೆಲ ಬಿಟ್ಟು ಕಲ್ಲಿನ ಮೇಲೆ ಕೂತು ಉಣ್ಣಲೇ, ತುತ್ತು ಇಳಿಯುತ್ತದೆಯೇ ಎಂದರು. ಅದು ನೆಪವಲ್ಲ, ಪ್ರೀತಿಯ ಮಾತೇ. ಅಕ್ಕನನ್ನು ಅವರು ತಾಯಿಯಂತೆ ಕಾಣುತ್ತಿದ್ದರು. ಬೈದವರಿಗೆ ಉತ್ತರ ಕೊಡಬಹುದು, ಹೊಗಳಿದವರಿಗೆ ಏನೆಂದು ಕೊಡುವುದು?

ಅಕ್ಕನ ಮೊಣಕಾಲು ಮಾಡಲಾಗದ್ದನ್ನು ಕೊನೆಗೆ ಹೆಗ್ಗಣ ಮಾಡಿತು. ಮರು ಮಳೆಗಾಲದಲ್ಲಿ ಹಿತ್ತಲಿನಿಂದ ಬಿಲ ಕೊರೆದು ಊಟದ ಮನೆಯ ನಡುವಿಗೇ ಬಾಯಿ ತೆರೆಯಿತು. ಮುಚ್ಚಿದರೆ ಇನ್ನೊಂದು ಕಡೆ. ಒಂದು ದಿನ ಮಾವನವರು ಉಣ್ಣಲು ಕೂತ ಮಣೆಯ ಬುಡದಲ್ಲೇ ಮಣ್ಣು ಉಬ್ಬಿತು. ಶಾಸ್ತ್ರದಲ್ಲಿ ಹೆಗ್ಗಣದ ವಿಷಯ ಏನಿತ್ತೋ, ಅವರು ಅವತ್ತೇ ಸವಣೂರಿಗೆ ಹೇಳಿಕಳಿಸಿದರು. ಅಷ್ಟರಲ್ಲಿ ಯುದ್ಧ ಜೋರಾಗಿತ್ತು. ಸಿಮೆಂಟು ಕಣ್ಣಿಗೆ ಬೀಳುತ್ತಿರಲಿಲ್ಲ, ರೈಲಿನಲ್ಲಿ ಕಲ್ಲು ಬರುವುದೂ ನಿಂತಿತ್ತು. ಪಡಸಾಲೆಗೆ ತರಿಸಿ ಉಳಿದ ಫರಸಿ ಹಿತ್ತಲಲ್ಲಿ ಗೋಡೆಗೆ ಒರಗಿತ್ತು. ಊಟದ ಮನೆಗೆ ಅದು ಸರಿಯಾಗಿ ಸಾಲುತ್ತಿತ್ತು. ಸುಣ್ಣದ ಗಚ್ಚು ಅರೆದು ಹಾಕೋಣ ಎಂದು ಗೌಂಡಿ ಒಪ್ಪಿಕೊಂಡರು. ವಾಟ, ಅಂದರೆ ನೀರು ಹರಿಯುವ ಇಳಿಜಾರು, ಯಾವ ಕಡೆಗೆ ಕೊಡಲಿ ಎಂದು ಕೇಳಿದರು. ಉತ್ತರದ ಗೋಡೆಯಾಚೆ ಬಾಳೆಗಿಡಗಳಿದ್ದವು. ನೀರು ಅಲ್ಲಿಗೆ ಹೋಗಲಿ ಎಂದರು ಮಾವನವರು. ಎಲ್ಲರಿಗೂ ಸರಿ ಎನ್ನಿಸಿತು.

ಕಲ್ಲು ಬಿದ್ದ ಮೇಲೆ ಅಕ್ಕ ಬೇರೆಯೇ ಆದರು. ಊಟವಾಗಿ ಎಲೆ ಎತ್ತಿದ ಮೇಲೆ, ನಿಂತುಕೊಂಡೇ ಒಂದು ತಂಬಿಗೆ ನೀರು ಚೆಲ್ಲಿ, ಗೋಮಯದ ನಾಲ್ಕು ಹನಿ ಶಾಸ್ತ್ರಕ್ಕೆ ಚಿಮುಕಿಸಿ, ಉದ್ದ ಹಿಡಿಯ ಕಸಬರಿಗೆಯಿಂದ ನೀರು ತಳ್ಳಿಬಿಡುತ್ತಿದ್ದರು. ಆಮೇಲೆ ಮಾಡಲು ಕೆಲಸವಿಲ್ಲದೆ ಬಾಗಿಲಲ್ಲಿ ನಿಂತು ಆ ಕಲ್ಲು ಒಣಗುವುದನ್ನು ನೋಡುತ್ತಿದ್ದರು. ನನಗೆ ಹಾನಗಲ್ಲಿನ ದೊಡ್ಡ ಗುಡಿಯ ಕಲ್ಲುಹಾಸು ನೆನಪಾಗುತ್ತಿತ್ತು. ಬೇಸಿಗೆಯಲ್ಲಿ ನಾವು ಹುಡುಗಿಯರು ಕಂಬಗಳ ನಡುವೆ ಅಲ್ಲೇ ಮಲಗಿಬಿಡುತ್ತಿದ್ದೆವು. ಅಕ್ಕನೂ ಒಂದು ಮಧ್ಯಾಹ್ನ ಹಾಗೆ, ಚಾಪೆ ಕೂಡ ಇಲ್ಲದೆ, ಕಲ್ಲಿಗೆ ಕೆನ್ನೆ ಹಚ್ಚಿ ಮಲಗಿದ್ದನ್ನು ಕಂಡೆ. ಹಗಲಿನಲ್ಲಿ ಅವರು ಮಲಗಿದ್ದನ್ನು ನಾನು ಅದಕ್ಕೆ ಮೊದಲು ನೋಡಿರಲೇ ಇಲ್ಲ.

ಅದೇ ತಿಂಗಳ ಏಕಾದಶಿಗೆ ರಟ್ಟೀಹಳ್ಳಿಯ ಆಚಾರ್ಯರು ಬಂದರು. ಮಾವನವರಿಗೆ ಸಂಸ್ಕೃತ ಕಲಿಸಿದ ಗುರುಗಳು, ವಯೋವೃದ್ಧರು. ಏಕಾದಶಿಯ ದಿನ ಹನಿ ನೀರೂ ಮುಟ್ಟದವರು. ಮರುದಿನ ದ್ವಾದಶಿ, ಬೆಳಿಗ್ಗೆ ಬೇಗನೆ ಉಪವಾಸ ಮುರಿಯುವ ಪಾರಣೆ. ನಾವು ಕತ್ತಲಿರುವಾಗಲೇ ಎದ್ದು ಹೆಸರುಬೇಳೆಯ ತೊವ್ವೆ, ಅಗಸೆ ಸೊಪ್ಪಿನ ಪಲ್ಯ, ಒಣಗಿಸಿಟ್ಟ ನೆಲ್ಲಿಕಾಯಿಯ ಚಟ್ನಿ, ಹುಣಸೆ ಮುಟ್ಟಿಸದ ಸಾರು ಎಲ್ಲ ಮಾಡಿದೆವು. ಮಾಸೂರಿನ ಅಕ್ಕಿಯ ಅನ್ನ ಹಬೆಯಾಡುತ್ತಿತ್ತು. ಎಂದಿನಂತೆ ಎಲ್ಲರೂ ಪೂರ್ವಕ್ಕೆ ಮುಖ ಮಾಡಿ ಒಂದೇ ಸಾಲಿನಲ್ಲಿ ಕುಳಿತರು. ದೇವರಮನೆಯ ಪಕ್ಕ, ಉತ್ತರದ ತುದಿಯಲ್ಲಿ ಮೊದಲ ಎಲೆ, ಅದು ಆಚಾರ್ಯರದು. ಅವರ ಪಕ್ಕ ಮಾವನವರು ತಮ್ಮ ಮಗನನ್ನು, ಎಂದರೆ ನಮ್ಮವರನ್ನು, ಗುರುಗಳ ಸೇವೆಗೆ ಕೂರಿಸಿದ್ದರು.

ಉಣ್ಣುವ ಮೊದಲು ಎಲೆಯ ಸುತ್ತ ನೀರು ತಿರುವಿ, ಪಕ್ಕದಲ್ಲಿ ನೆಲದ ಮೇಲೆ ನಾಲ್ಕು ಅಗಳು ಇಟ್ಟು ಚಿತ್ರಾಹುತಿ ಹಾಕುವುದು ನಮ್ಮಲ್ಲಿ ರೂಢಿ. ಆ ನೀರೇ ಎಲೆಗೆ ಬೇಲಿ. ಮಣ್ಣಿನ ನೆಲ ಅದನ್ನು ಅಲ್ಲೇ ಕುಡಿದುಬಿಡುತ್ತಿತ್ತು. ಕಲ್ಲು ಕುಡಿಯಲಿಲ್ಲ. ವಾಟ ಇದ್ದದ್ದು ಸಾಲಿನ ಉದ್ದಕ್ಕೆ. ಎಲ್ಲರ ಬೇಲಿಯೂ ಕೂಡಿ ಮೆಲ್ಲಗೆ ಮೊದಲ ಎಲೆಯ ಕಡೆ ಹೊರಟಿತು. ಯಮನಿಗೂ ಚಿತ್ರಗುಪ್ತನಿಗೂ ಇಟ್ಟ ಅಗಳು ತೇಲಿಕೊಂಡು ಪಕ್ಕದವರ ಕಡೆ ನಡೆದವು. ಅಲ್ಲಿಗೇ ನಿಂತಿದ್ದರೂ ನಡೆಯುತ್ತಿತ್ತೇನೋ. ಆದರೆ ನಮ್ಮವರು ಸಾರಿನ ವಿಷಯದಲ್ಲಿ ಉದಾರಿಗಳು. ಉಪವಾಸದ ಹಸಿವೆ ಬೇರೆ. ಹಾಕು ಹಾಕು ಎಂದು ಹಾಕಿಸಿಕೊಂಡರು. ಕಲಸುವಾಗ ಸಾರು ಎಲೆಯ ಅಂಚು ದಾಟಿತು, ದಾಟಿ ಆ ನೀರನ್ನು ಕೂಡಿಕೊಂಡಿತು. ನಾನು ಕೈಯಲ್ಲಿ ಸೌಟು ಹಿಡಿದು ನೋಡುತ್ತಲೇ ಇದ್ದೆ. ಒಬ್ಬರ ಎಂಜಲ ಸಾರು ಹೋಗಿ ಆಚಾರ್ಯರ ಎಲೆಯ ಬುಡ ತೋಯಿಸಿತು.

ಅವರ ಕೈ ಎರಡನೆಯ ತುತ್ತಿನಲ್ಲಿ ನಿಂತಿತು. ಎಂಜಲು ತಾಕಿದ ಎಲೆಯಲ್ಲಿ ಅವರು ಉಣ್ಣುವಂತಿಲ್ಲ. ಎಲೆ ಬಿಟ್ಟು ಎದ್ದರೆ ಆ ದಿನ ಮತ್ತೆ ಉಣ್ಣುವಂತಿಲ್ಲ. ಅವರು ಬೈಯಲಿಲ್ಲ. ಇರಲಿ, ದೇವರ ಇಚ್ಛೆ ಎಂದು ಮೆಲ್ಲಗೆ ಹೇಳಿ, ಕೈ ತೊಳೆದು, ಸಂಜೆಯ ಮೋಟಾರಿಗೆ ಹಸಿದ ಹೊಟ್ಟೆಯಲ್ಲೇ ಊರಿಗೆ ಹೋದರು. ಬೈದಿದ್ದರೆ ಚೆನ್ನಾಗಿತ್ತು.

ಮಾವನವರಿಗೆ ಅದು ನುಂಗಲಾರದ ತುತ್ತಾಯಿತು. ಆ ನೆಲದ ಮೇಲೆ ಮತ್ತೆ ಕೂರಲಿಲ್ಲ. ನಡುಮನೆಯಲ್ಲಿ ಎಲೆ ಹಾಕಿಸಿಕೊಂಡರು. ಮೊದಲೇ ಹೇಳಿದ್ದೆ, ಊಟಕ್ಕೆ ಮಣ್ಣೇ ಸರಿ ಎಂದರು. ಹೇಳಿದ್ದು ನಿಜವೇ, ಹೆಗ್ಗಣದ ಮುಂದೆ ಮರೆತಿದ್ದರು ಅಷ್ಟೇ. ಕಲ್ಲು ಎಬ್ಬಿಸಬೇಕೆಂದು ಗೌಂಡಿಗೆ ಹೇಳಿ ಕಳಿಸಿದರು. ಅಕ್ಕ ಎಂದಿನಂತೆ ಅಡಿಗೆ ಮಾಡಿದರು, ಬಡಿಸಿದರು. ಬಳಸದ ಊಟದ ಮನೆಯ ಫರಸಿಗೆ ಮಾತ್ರ ದಿನಾ ನೀರು ಹಾಕಿ ಒರೆಸಿದರು. ಅದನ್ನು ನೋಡುವುದು ನನ್ನಿಂದ ಆಗುತ್ತಿರಲಿಲ್ಲ.

ಗೌಂಡಿ ಹಾರೆ ಹಿಡಿದುಕೊಂಡು ಬಂದರು. ಕಲ್ಲನ್ನು ಸುತ್ತಿ ನೋಡಿ ಹೇಳಿದರು.

"ವಾಟ ತಿರುವಿ ಕೊಡ್ತೇನ್ರಿ ವಕೀಲ್ ಸಾಹೇಬ್ರ. ಆದ್ರ ಗಚ್ಚು ಹಿಡದೈತ್ರಿ. ಎಬ್ಬಿಸಿದ್ರ ಅರ್ಧ ಕಲ್ಲು ಒಡೀತಾವ. ಹೊಸಾವು ಈಗ ಎಲ್ಲೂ ಸಿಗೂದಿಲ್ರಿ."

ಒಡೆದರೆ ಒಡೆಯಲಿ, ಮಣ್ಣು ಹಾಕಿಸುತ್ತೇನೆ ಎಂದರು ಮಾವನವರು. ಗೌಂಡಿ ಹಾರೆ ಎತ್ತಿದರು. ಆಗ ಅಕ್ಕ ಅಡಿಗೆಮನೆಯಿಂದ ಹೊರಗೆ ಬಂದರು. ಹೊರಗಿನ ಗಂಡಸರು ಇದ್ದಾಗ ಬಾಗಿಲ ಮರೆಯಿಂದಲೂ ಮಾತಾಡದ ಅಕ್ಕ, ಮಡಿ ಸೀರೆಯಲ್ಲೇ ಬಂದು, ಗೋಡೆ ಹಿಡಿದು, ನೋವಿಗೆ ಹಲ್ಲು ಕಚ್ಚಿ, ಕಲ್ಲಿನ ನಟ್ಟನಡುವೆ ಕುಳಿತರು. ಗೌಂಡಿ ಹಾರೆ ಇಳಿಸಿ ಮುಖ ತಿರುಗಿಸಿ ನಿಂತರು.

"ತಮ್ಮಾ," ಅಂದರು ಅಕ್ಕ. ದನಿ ಏರಲಿಲ್ಲ. "ನನ್ನ ಸಾರಣಿ ಹೊಗಳಲಾರದವರು ಈ ಊರಾಗ ಒಬ್ಬರೂ ಉಳದಿಲ್ಲ. ನನ್ನ ಮೊಣಕಾಲು ಹೆಂಗವ ಅಂತ ಕೇಳಿದವರೂ ಒಬ್ಬರಿಲ್ಲ. ನೀನೂ ಕೇಳಲಿಲ್ಲ."

ಮಾವನವರು ಕೋರ್ಟಿನಲ್ಲಿ ಯಾರ ಮಾತಿಗೂ ತಡವರಿಸದವರು. ಅವತ್ತು ತಮ್ಮ ಖೋಲಿಗೆ ಹೋಗಿ ಬಾಗಿಲು ಮುಂದೆ ಮಾಡಿಕೊಂಡರು. ಅಕ್ಕ ಕುಳಿತಲ್ಲೇ ಕುಳಿತರು. ಗೌಂಡಿ ಹೊರಗೆ ಹೋಗಿ ಕಟ್ಟೆಯ ಮೇಲೆ ಎಲೆ ಅಡಿಕೆ ಹಾಕಿಕೊಂಡು ಕುಳಿತರು. ನನಗೆ ಎಲ್ಲಿ ನಿಲ್ಲಬೇಕೆಂದು ತಿಳಿಯದೆ ಕಂಬದ ಹತ್ತಿರ ನಿಂತೆ. ಅಳು ಬರುತ್ತಿತ್ತು.

ಬಹಳ ಹೊತ್ತಿನ ಮೇಲೆ ಮಾವನವರು ಹೊರಗೆ ಬಂದರು. ಕಣ್ಣು ಕೆಂಪಗಿದ್ದವು. ಮಡಿ ಉಟ್ಟಿದ್ದರು. ತಾವೇ ಮಣೆ ಎತ್ತಿಕೊಂಡು ಊಟದ ಮನೆಗೆ ಹೋಗಿ, ಅಕ್ಕನಿಂದ ಒಂದು ಬದಿಗೆ ಸರಿದು, ದಕ್ಷಿಣದ ಗೋಡೆಗೆ ಬೆನ್ನು ಮಾಡಿ, ಉತ್ತರಕ್ಕೆ ಮುಖ ಮಾಡಿ ಕುಳಿತರು. ಆ ಮನೆಯಲ್ಲಿ ಹಾಗೆ ಯಾರೂ ಕುಳಿತಿರಲಿಲ್ಲ. ಎಲೆ ಹಾಕು ಎಂದು ನನಗೆ ಹೇಳಿದರು. ಊಟದ ಹೊತ್ತಲ್ಲ, ಬೆಳಗಿನ ಅನ್ನ, ಸಾರು ಇತ್ತು, ತಂದು ಬಡಿಸಿದೆ. ಎಲೆಯ ಸುತ್ತ ನೀರು ತಿರುವಿದರು. ನೀರು ಒಂದು ಕ್ಷಣ ನಿಂತು, ಎಲೆಯ ಮುಂದಿನಿಂದ ನೇರವಾಗಿ ಉತ್ತರದ ಗೋಡೆಯ ಕಡೆ ಹರಿಯಿತು. ಎಡಕ್ಕೂ ಹೋಗಲಿಲ್ಲ, ಬಲಕ್ಕೂ ಹೋಗಲಿಲ್ಲ.

"ಸಾರು ಹಾಕು," ಅಂದರು. ಹಾಕಿದೆ. "ಇನ್ನೂ ಹಾಕು. ಹೊರಗ ಹೋಗಲಿ."

ಸಾರು ಎಲೆ ತುಂಬಿ, ಅಂಚು ದಾಟಿ, ನೀರು ಹೋದ ದಾರಿಯಲ್ಲೇ ಹೋಯಿತು. ಪಕ್ಕದಲ್ಲಿ ಯಾರು ಕುಳಿತಿದ್ದರೂ ಅವರ ಎಲೆಗೆ ತಾಗುವಂತಿರಲಿಲ್ಲ. ಮಾವನವರು ಅದು ಗೋಡೆ ಮುಟ್ಟುವ ತನಕ ನೋಡಿದರು. ಆಮೇಲೆ ಅಕ್ಕನ ಕಡೆ ತಿರುಗಿ, ಮೊಣಕಾಲಿಗೆ ಎಣ್ಣೆ ಏನಾದರೂ ಹಚ್ಚುತ್ತೀಯೇನು ಎಂದು ಕೇಳಿದರು. ಆ ಮಾತು ಕೇಳಿದ ಮೇಲೇ ಅಕ್ಕ ಅತ್ತದ್ದು. ಗೌಂಡಿ ಹಾರೆ ಹೆಗಲಿಗೆ ಹಾಕಿಕೊಂಡು ಸವಣೂರಿನ ದಾರಿ ಹಿಡಿದರು.

ಅಲ್ಲಿಂದ ನಮ್ಮ ಮನೆಯಲ್ಲಿ ಪಂಕ್ತಿ ಉತ್ತರಕ್ಕೆ ಕೂರತೊಡಗಿತು. ಬಂದವರು ಮೂಗು ಮುರಿದರು. ಪೂರ್ವ ಬಿಟ್ಟು ಇದೇನು ಎಂದು ಕೇಳಿದರು. ಇದಕ್ಕೆ ಆಧಾರವಿದೆ ಎಂದು ಮಾವನವರು ಗಂಭೀರವಾಗಿ ಹೇಳುತ್ತಿದ್ದರು. ಯಾವ ಆಧಾರ ಎಂದು ಕೇಳುವ ಧೈರ್ಯ ಯಾರಿಗೂ ಇರಲಿಲ್ಲ. ಚಾತುರ್ಮಾಸ ಕಳೆದ ಮೇಲೆ ಆಚಾರ್ಯರು ಮತ್ತೆ ಬಂದರು. ಮಾವನವರು ತಾವೇ ರಟ್ಟೀಹಳ್ಳಿಗೆ ಹೋಗಿ ಕರೆದುಕೊಂಡು ಬಂದಿದ್ದರು. ತಿರುಗಿಸಿ ಹಾಕಿದ ಮಣೆ ನೋಡಿ ಆಚಾರ್ಯರು ಒಂದು ಗಳಿಗೆ ನಿಂತರು. ಕೆಳಗೆ ಕಲ್ಲು ನೋಡಿದರು, ಅಡಿಗೆಮನೆಯ ಬಾಗಿಲಲ್ಲಿ ನಿಂತ ಅಕ್ಕನನ್ನು ನೋಡಿದರು. ಆಧಾರ ಇದೆ ಎಂದು ಮಾವನವರು ಹೇಳುವ ಮೊದಲೇ, ಇರಬೇಕು, ಇರಬೇಕು ಎನ್ನುತ್ತ ಕುಳಿತು, ಎರಡು ಸಲ ಸಾರು ಹಾಕಿಸಿಕೊಂಡರು. ನಮ್ಮವರನ್ನು ಮಾತ್ರ ನಾನು ಸಾಲಿನ ಆ ತುದಿಗೆ ಕೂರಿಸಿದ್ದೆ.

ಯುದ್ಧ ಮುಗಿದ ಮೇಲೆ ಅಡಿಗೆಮನೆಗೂ ಕಲ್ಲು ಬಂತು. ಅಕ್ಕನ ಮೊಣಕಾಲು ಹೋದದ್ದು ಹೋಗೇ ಇತ್ತು. ಆದರೂ ಗೋಡೆ ಹಿಡಿಯದೆ ಏಳುವ ದಿನಗಳೂ ಕೆಲವು ಬಂದವು. ನನಗೋ, ಸುಳ್ಳು ಯಾಕೆ ಹೇಳಲಿ, ಆ ಮಣ್ಣಿನ ನೆಲ ಬೇಕೆನ್ನಿಸುತ್ತಿತ್ತು. ಬೆಳಿಗ್ಗೆ ಒಳಗೆ ಹೋದರೆ ಆ ವಾಸನೆ ಇಲ್ಲದೆ ಮನೆ ಬಿಕೋ ಎನ್ನುತ್ತಿತ್ತು. ಆದರೆ ಅಕ್ಕನ ಮುಂದೆ ಅದನ್ನು ಮತ್ತೆ ಎತ್ತಲಿಲ್ಲ.

ಎತ್ತಿದವರು ಅಕ್ಕನೇ. ಒಂದು ಮುಂಗಾರಿನ ಮೊದಲ ಮಳೆ ಬಿದ್ದು, ಹಿತ್ತಲಿನಿಂದ ಮಣ್ಣಿನ ವಾಸನೆ ಒಳಗೆ ಬಂತು. ಫರಸಿಯ ಮೇಲೆ ಕಾಲು ಚಾಚಿ ಕುಳಿತಿದ್ದ ಅಕ್ಕ ಮೂಗು ಅರಳಿಸಿದರು.

"ಸಾರಿಸಿದ ನೆಲದ ವಾಸನಿ ನನಗೂ ಬೇಕನಸ್ತದವಾ," ಅಂದರು. "ಆದ್ರ ಮತ್ತೊಬ್ಬರು ಸಾರಿಸಿದ್ದು."

ಮರುದಿನ ಬೆಳಿಗ್ಗೆ ನಾನು ಬೋಗುಣಿ ಹುಡುಕಿ ತೆಗೆದೆ. ಸಗಣಿ ಕಲಸಿ, ಕೆಮ್ಮಣ್ಣು ಬೆರೆಸಿ, ಮೊಣಕಾಲೂರಿ ಹಿತ್ತಲ ಜಗಲಿ ಸಾರಿಸಿದೆ. ಅಷ್ಟು ಸಣ್ಣ ಜಗಲಿ ಮುಗಿಯುವಷ್ಟರಲ್ಲಿ ನನ್ನ ಮೊಣಕಾಲು ಉರಿಯುತ್ತಿತ್ತು. ಒಣಗಿದ ಮೇಲೆ ಅಕ್ಕನನ್ನು ಕೈ ಹಿಡಿದು ಕರೆದುಕೊಂಡು ಬಂದೆ. ಜೀವಮಾನವಿಡೀ ಬೇರೆಯವರಿಗೆ ಸಾರಿಸಿಕೊಟ್ಟವರು, ತನಗಾಗಿ ಒಬ್ಬರು ಸಾರಿಸಿದ ನೆಲದ ಮೇಲೆ ಮೊದಲ ಸಲ ಕುಳಿತರು. ಅಂಗೈಯಿಂದ ನೆಲ ಸವರಿದರು. ಸುತ್ತ ಕಣ್ಣಾಡಿಸಿದರು.

"ಮೂಲಿ ಬಿಟ್ಟೀ ನೋಡು," ಅಂದು, ಅಲ್ಲೇ ಕೆನ್ನೆ ಹಚ್ಚಿ ಮಲಗಿದರು.